ಇಂಜಿನಿಗೊಂದು ತಿದಿ

ಕನ್ನಡ ಪಾಠ ಹೇಳುವ ಟೀಚರಿಗೂ ಕಾರಿನ ಇಂಜಿನಿಗೂ ಏನು ಸಂಬಂಧವೆಂದು ತಲೆಬರಹವನ್ನು ಓದಿದವರು ಕೇಳಬಹುದು. ಹಳಗನ್ನಡ ಪದ್ಯದ ಅನ್ವಯ, ಸಂಧಿ-ಸಮಾಸ, ಪ್ರಬಂಧಗಳ ತಿದ್ದುವಿಕೆ, ಇವು ನನ್ನ ದಿನಚರಿ. ಆದರೆ ವಿದ್ಯಾರ್ಥಿಗಳು ಶಾಲೆಯ ಮೆಟ್ಟಿಲಿಳಿದು ಹೋದೊಡನೆ ನಮ್ಮ ಅವರ ಲೆಕ್ಕ ಚುಕ್ತಾ ಆಗುವುದಿಲ್ಲ. ಕೆಲವರು ಹಿಂದಿರುಗಿ ಬರುತ್ತಾರೆ. ಬಂದವರು ಒಮ್ಮೊಮ್ಮೆ ನಮಗೇ ಪಾಠ ಹೇಳಿ ಹೋಗುತ್ತಾರೆ. 2021ರ ಮಳೆಗಾಲದಿಂದ ಮರುವರ್ಷದ ಬೇಸಗೆಯ ತನಕ ಅಂಥ ಒಬ್ಬ ಹಳೆಯ ವಿದ್ಯಾರ್ಥಿಯ ಜೊತೆ ಕುಳಿತು ಒಂದು ಯಂತ್ರದ ಕೈಪಿಡಿಯನ್ನು ಕನ್ನಡಕ್ಕೆ ಇಳಿಸಿದೆ. ಆ ಯಂತ್ರದ ಹೆಸರು ಸೂಪರ್‌ಚಾರ್ಜರ್. ಆ ಅನುಭವವನ್ನು ನಮ್ಮ ಮಕ್ಕಳ ಮತ್ತು ಅವರ ಹೆತ್ತವರ ಮುಂದಿಡುವುದು ಉಪಯುಕ್ತವೆಂದು ತೋರಿದ್ದರಿಂದ ಈ ನಾಲ್ಕು ಪುಟಗಳು.

ಹುಡುಗನ ಹೆಸರನ್ನು ಬರೆಯುವುದು ಬೇಡವೆಂದು ಅವನೇ ಕೇಳಿಕೊಂಡಿದ್ದಾನೆ. ನಮ್ಮ ಶಾಲೆಯಲ್ಲೇ ಓದಿದವನು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ ಡಿ ಪ್ಲಸ್ ಪಡೆದು ಹೇಗೋ ಗಡಿ ದಾಟಿದವನು. ತರಗತಿಯಲ್ಲಿ ಕೊನೆಯ ಬೆಂಚು. ಕೇಳಿದರೆ ಉತ್ತರವಿಲ್ಲ, ಆದರೆ ಕೆಟ್ಟುಹೋದ ಫ್ಯಾನು, ತಿರುಗದ ಬೀಗ, ಕಾಲು ಮುರಿದ ಮೇಜು ಎಲ್ಲವೂ ಅವನ ಕೈಗೆ ಬಂದರೆ ಸರಿಹೋಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದ. ಅಲ್ಲಿ ಟಯರು ಬಿಚ್ಚುವುದು, ಬ್ರೇಕು ಬಿಗಿಯುವುದು, ಹೇಳಿದ್ದನ್ನು ಮಾಡುವುದು. ಇಂಜಿನಿನ ಒಳಗೆ ಕೈ ಹಾಕುವ ಅಧಿಕಾರ ಹಿರಿಯ ಮೇಸ್ತ್ರಿಯದು.

ಅವನ ಮನೆ ಗುಡ್ಡದ ಮೇಲೆ. ಮುರಕಲ್ಲನ್ನು ಕಡಿದು ಮಾಡಿದ ದಾರಿ. ಅದರಲ್ಲಿ ಒಂದು ಕಡಿದಾದ ಏರು. ತಂದೆ ತೀರಿಕೊಂಡ ಮೇಲೆ ಮನೆಗೆ ಉಳಿದದ್ದು ಹತ್ತಿಪ್ಪತ್ತು ಸೆಂಟ್ಸ್ ತೋಟ ಮತ್ತು ಒಂದು ಹಳೆಯ ಮಾರುತಿ 800. ಒಬ್ಬನೇ ಕುಳಿತರೆ ಆ ಕಾರು ಏರನ್ನು ಹತ್ತುತ್ತಿತ್ತು. ತಾಯಿ, ಅಕ್ಕ, ಅಕ್ಕನ ಮಕ್ಕಳು ಕುಳಿತರೆ ನಡುವಿನಲ್ಲೇ ನಿಲ್ಲುತ್ತಿತ್ತು.

"ಅಮ್ಮ ಕೆಳಗೆ ಇಳಿದು ನಡೆದೇ ಬರುವುದು ಟೀಚರೇ. ಮಂಡಿನೋವು ಬೇರೆ ಉಂಟು. ಅಪ್ಪ ಇರುವಾಗ ಹೀಗೆ ಇರ್ಲಿಲ್ಲ" ಎಂದ.

ಹೊಸ ಕಾರು ಕೊಳ್ಳುವ ತ್ರಾಣವಿಲ್ಲ. ತಂದೆಯ ಕಾರನ್ನು ಮಾರುವ ಮನಸ್ಸೂ ಇಲ್ಲ. ಹೀಗಿರುವಾಗ ಯಾರೋ ಸೂಪರ್‌ಚಾರ್ಜರಿನ ವಿಚಾರ ಹೇಳಿದ್ದಾರೆ. ಜಪಾನಿನಲ್ಲಿ 660 ಸಿ.ಸಿ. ಒಳಗಿನ ಪುಟ್ಟ ಕಾರುಗಳಿಗೂ ಅದನ್ನು ಜೋಡಿಸಿ ಮಾರಿದ್ದಾರೆ. 1992ರಲ್ಲಿ ಬಂದ ಸುಬಾರು ವಿವಿಯೋ ಎಂಬ ಕಾರಿನ 658 ಸಿ.ಸಿ. ಇಂಜಿನು ಅದರ ಬಲದಿಂದ 64 ಕುದುರೆಶಕ್ತಿ ಕೊಡುತ್ತಿತ್ತು. ನಮ್ಮ ಮಾರುತಿ 800ರ 796 ಸಿ.ಸಿ. ಇಂಜಿನು ಕೊಡುತ್ತಿದ್ದುದು ನಲವತ್ತಕ್ಕೂ ಕಡಿಮೆ. ಹುಡುಗ ಎರಡು ವರ್ಷದ ಉಳಿತಾಯದಲ್ಲಿ ಹಳೆಯ ಬಿಡಿಭಾಗಗಳ ಒಂದು ಅಂಗಡಿಯಿಂದ ಅಂಥದೊಂದು ಸಣ್ಣ ಯಂತ್ರವನ್ನು ತಂದೇಬಿಟ್ಟಿದ್ದ. ಅದರೊಡನೆ ಇಂಗ್ಲಿಷಿನಲ್ಲಿ ಅಚ್ಚಾದ ಸುಮಾರು ಮೂವತ್ತು ಹಾಳೆಗಳು.

"ಇದ್ರಲ್ಲಿ ಎಂತ ಹೇಳ್ತದೆ ಅಂತ ನಂಗೆ ಪೂರ್ತಿ ಗೊತ್ತಾಗುದಿಲ್ಲ ಟೀಚರೇ. ಚಿತ್ರ ನೋಡಿ ಮಾಡುವ ಅಂತ ಕಂಡಿತ್ತು. ಮತ್ತೆ ಹೆದರಿಕೆ ಆಯ್ತು."

ಆ ಹೆದರಿಕೆಯೇ ಅವನ ಬುದ್ಧಿವಂತಿಕೆಯ ಗುರುತೆಂದು ನನಗೆ ಅನ್ನಿಸಿತು. ಚಿತ್ರ ನೋಡಿ ಮಾಡುವ ಕೆಲಸ ಅದಲ್ಲ. ಶನಿವಾರ ಸಂಜೆಗಳಲ್ಲಿ ಓದೋಣವೆಂದು ನಿಶ್ಚಯಿಸಿದೆವು. ಇನ್ನೂರು ಪುಟದ ಒಂದು ನೋಟುಪುಸ್ತಕ ತರಿಸಿದೆ. ನಾನು ಓದಿ ಅರ್ಥ ಹೇಳುವುದು, ಅವನು ಅದನ್ನು ತನ್ನ ಮಾತಿನಲ್ಲಿ ಬರೆಯುವುದು, ಇದು ಒಪ್ಪಂದ.

ಮೊದಲು ಆ ಯಂತ್ರವೇನು ಎಂಬುದನ್ನು ಹೇಳಬೇಕು. ಕಾರಿನ ಇಂಜಿನು ಪೆಟ್ರೋಲಿನಿಂದ ಓಡುತ್ತದೆ ಎನ್ನುತ್ತೇವೆ. ನಿಜವಾಗಿ ಅದು ಪೆಟ್ರೋಲಿಗಿಂತ ಹೆಚ್ಚಾಗಿ ಗಾಳಿಯನ್ನು ತಿನ್ನುತ್ತದೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಘನಮೀಟರು ಗಾಳಿಯ ತೂಕ ಸುಮಾರು 1.2 ಕಿಲೋ. ಎಂದಮೇಲೆ ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಮೂರು ಮೀಟರು ಎತ್ತರದ ಕೋಣೆಯ ತುಂಬ ಗಾಳಿ ಒಂದು ಕಿಲೋ ಪೆಟ್ರೋಲಿಗೆ ಬೇಕಾಯಿತು. ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ; ಅದಕ್ಕೆ ತಕ್ಕ ಗಾಳಿಯನ್ನು ಒಳಗೆ ಸೇರಿಸುವುದೇ ಕಷ್ಟ. ಸಾಧಾರಣ ಇಂಜಿನು ತನ್ನ ಪಿಸ್ಟನು ಕೆಳಗಿಳಿಯುವಾಗ ಎಳೆದುಕೊಂಡಷ್ಟೇ ಗಾಳಿ ಪಡೆಯುತ್ತದೆ. ಆ ಎಳೆತಕ್ಕೆ ಮಿತಿಯುಂಟು. ಹೊರಗಿನಿಂದ ಗಾಳಿಯನ್ನು ಒತ್ತಿ ತುಂಬಿದರೆ ಅದೇ ಸಿಲಿಂಡರಿನಲ್ಲಿ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಹೆಚ್ಚು ಬಲ ಸಿಗುತ್ತದೆ. ಹೀಗೆ ಒತ್ತಿ ತುಂಬುವ ಯಂತ್ರವೇ ಸೂಪರ್‌ಚಾರ್ಜರ್.

ಇದಕ್ಕೆ ಕನ್ನಡದಲ್ಲಿ ಏನೆನ್ನೋಣ ಎಂದು ನಾವು ಒಂದು ಸಂಜೆಯಿಡೀ ಚರ್ಚಿಸಿದೆವು. ಅತಿಪೂರಕ, ಅಧಿಪೂರಣಿ ಎಂದೆಲ್ಲ ನಾನು ಹೇಳಿದಾಗ ಅವನು ಮರ್ಯಾದೆಗಾಗಿ ನಗು ತಡೆದುಕೊಂಡ. ಕೊನೆಗೆ ನನಗೆ ಚಿಕ್ಕಂದಿನಲ್ಲಿ ಕಂಡ ಕಮ್ಮಾರನ ಕುಲುಮೆಯ ನೆನಪಾಯಿತು. ಕೆಂಡ ಇದ್ದಲ್ಲೇ ಇರುತ್ತದೆ, ಇದ್ದಿಲೂ ಅಷ್ಟೇ. ತಿದಿಯೊತ್ತಿದೊಡನೆ ಕೆಂಡ ಬಿಳಿಯಾಗುತ್ತದೆ, ಕಬ್ಬಿಣ ಮೆದುವಾಗುತ್ತದೆ. "ಹಾಗಾದ್ರೆ ಇದು ಇಂಜಿನಿನ ತಿದಿ" ಎಂದ ಹುಡುಗ. ನೋಟುಪುಸ್ತಕದ ಹೊದಿಕೆಯ ಮೇಲೆ ಅದೇ ಹೆಸರನ್ನು ಬರೆದೆವು.

ಆಶ್ಚರ್ಯವೆಂದರೆ ಈ ಹೋಲಿಕೆ ಬರಿಯ ಅಲಂಕಾರವಲ್ಲ, ಅದು ಇತಿಹಾಸವೂ ಹೌದು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಅಣ್ಣತಮ್ಮಂದಿರಿದ್ದರು. ಅವರದು ಉಣ್ಣೆಯ ಗಿರಣಿ. ಗಿರಣಿಯ ನೀರಿನ ಚಕ್ರವನ್ನು ಉತ್ತಮಪಡಿಸಲು ಹೊರಟವರು ಒಂದರೊಳಗೊಂದು ಹೊಂದಿಕೊಂಡು ತಿರುಗುವ ಎರಡು ಉರುಳೆಗಳ ಯಂತ್ರವನ್ನು ಮಾಡಿದರು. ನೀರಿನ ಕೆಲಸಕ್ಕಿಂತ ಗಾಳಿ ತಳ್ಳುವ ಕೆಲಸಕ್ಕೆ ಅದು ಹೇಳಿಮಾಡಿಸಿದಂತಿತ್ತು. 1860ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕಬ್ಬಿಣ ಕರಗಿಸುವ ಕುಲುಮೆಗಳಿಗೂ ಗಣಿಗಳಿಗೂ ಗಾಳಿ ಊದಲು ಅದು ಬಳಕೆಗೆ ಬಂತು. ಆಗ ಕಾರು ಎಂಬುದೇ ಹುಟ್ಟಿರಲಿಲ್ಲ! 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಇಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಯೋಜನೆಗೆ ಪೇಟೆಂಟ್ ಪಡೆದರು. ಕುಲುಮೆಯ ತಿದಿ ಮುಂದೆ ಕಾರಿನ ತಿದಿಯಾಯಿತು; ಇಂದಿಗೂ ಆ ಬಗೆಯ ಯಂತ್ರಕ್ಕೆ ರೂಟ್ಸ್ ಬ್ಲೋವರ್ ಎಂದೇ ಹೆಸರು.

ನಮ್ಮ ಹುಡುಗನಿಗೆ ಎಲ್ಲಕ್ಕಿಂತ ಹಿಡಿಸಿದ್ದು 1908ರ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೀ ಚಾಡ್ವಿಕ್ ಎಂಬವರು ತಮ್ಮ ಕಾರಿಗೆ ಬೆಲ್ಟಿನಿಂದ ತಿರುಗುವ ಗಾಳಿಯಂತ್ರವನ್ನು ಜೋಡಿಸಿ ಓಟದ ಸ್ಪರ್ಧೆಗಿಳಿಸಿದರು. ಅದು ಗೆದ್ದದ್ದು ಯಾವ ಸ್ಪರ್ಧೆಯನ್ನು ಗೊತ್ತೇ? ವಿಲ್ಕ್ಸ್‌ಬಾರಿ ಎಂಬಲ್ಲಿನ ಒಂದು ಗುಡ್ಡ ಹತ್ತುವ ಸ್ಪರ್ಧೆಯನ್ನು. ಆ ಏರಿನ ಹೆಸರಿನ ಅರ್ಥ 'ದೈತ್ಯರ ಹತಾಶೆ' ಎಂದು. "ನಮ್ಮ ಏರಿಗೂ ಹೆಸರು ಇಡ್ಬಹುದು ಟೀಚರೇ, ಅಮ್ಮನ ಹತಾಶೆ ಅಂತ" ಎಂದ. ನಗುತ್ತಲೇ ಹೇಳಿದ ಮಾತು, ಆದರೆ ಅದರ ಹಿಂದಿನ ನೋವು ನನಗೆ ತಿಳಿಯದೆ ಇರಲಿಲ್ಲ.

ಮನೆಯಲ್ಲೇ ಇಂಥ ಕೆಲಸ ಮಾಡುವುದೂ ಹೊಸತಲ್ಲ. ಪೆನ್ಸಿಲ್ವೇನಿಯಾದ ಜಡ್ಸನ್ ಎಂಬ ಸಂಸ್ಥೆ 1950ರ ದಶಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಹೊಂದುವ ಸೂಪರ್‌ಚಾರ್ಜರನ್ನು ಎಲ್ಲ ನಟ್ಟು-ಬೋಲ್ಟು ಸಹಿತ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿತ್ತು. ಕಾರಿನ ಯಜಮಾನ ತನ್ನ ಅಂಗಳದಲ್ಲಿ ಅದನ್ನು ಜೋಡಿಸಿಕೊಳ್ಳಬಹುದಿತ್ತು. ಆ ಬೀಟಲಿನದು 36 ಕುದುರೆಶಕ್ತಿಯ ಇಂಜಿನು. ಅದು ಒಳಗೆ ಬಂದ ಗಾಳಿಯನ್ನು 6.6 ಪಾಲಿನಿಂದ ಒಂದು ಪಾಲಿಗೆ ಮಾತ್ರ ಅದುಮುತ್ತಿದ್ದುದರಿಂದ ಇನ್ನಷ್ಟು ಗಾಳಿಯನ್ನು ತಾಳಿಕೊಳ್ಳುವ ಅವಕಾಶ ಅದಕ್ಕಿತ್ತು. ಮಾರುತಿಯ ಇಂಜಿನು ಸುಮಾರು ಒಂಬತ್ತು ಪಾಲನ್ನು ಒಂದಕ್ಕೆ ಅದುಮುತ್ತದೆ. ಇಲ್ಲೇ ಅಪಾಯವಿರುವುದು.

ಸೈಕಲಿಗೆ ಗಾಳಿ ಹೊಡೆದವರಿಗೆಲ್ಲ ಗೊತ್ತು, ಪಂಪಿನ ಬುಡ ಬಿಸಿಯಾಗುತ್ತದೆ. ಅದುಮಿದ ಗಾಳಿ ಕಾಯುತ್ತದೆ. ಸೂಪರ್‌ಚಾರ್ಜರಿನಿಂದ ಮೊದಲೇ ಕಾದು ಬಂದ ಗಾಳಿ ಸಿಲಿಂಡರಿನಲ್ಲಿ ಮತ್ತೆ ಅದುಮಿಸಿಕೊಂಡಾಗ, ಕಿಡಿ ಹೊತ್ತಿಸಿದ ಉರಿ ಪೂರ್ತಿ ಹರಡುವ ಮೊದಲೇ ಉಳಿದ ಪೆಟ್ರೋಲು ತನ್ನಷ್ಟಕ್ಕೆ ಸಿಡಿದುಬಿಡಬಹುದು. ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಹೊರಗೆ ಕೇಳುವುದು ಡಬ್ಬದಲ್ಲಿ ಕಲ್ಲು ಅಲುಗಿಸಿದ ಸದ್ದು. ಒಳಗೆ ಪಿಸ್ಟನಿಗೆ ಬೀಳುವುದು ಸುತ್ತಿಗೆಯ ಪೆಟ್ಟು. ಹೆಚ್ಚು ಆಸೆಪಟ್ಟರೆ ಪಿಸ್ಟನಿಗೆ ತೂತು ಬೀಳುತ್ತದೆ. ಆದ್ದರಿಂದ ಎಷ್ಟು ಗಾಳಿ ತುಂಬಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಲೆಕ್ಕ ಎಂದೊಡನೆ ಹುಡುಗನ ಮುಖ ಸಪ್ಪಗಾಯಿತು. "ಅದು ನಂಗೆ ಆಗುದಿಲ್ಲ ಟೀಚರೇ, ನಿಮ್ಗೇ ಗೊತ್ತುಂಟಲ್ಲ." ನಾನು ಕನ್ನಡ ಟೀಚರು, ನನಗೂ ಗಣಿತ ದೂರದ ನೆಂಟ. ಇಬ್ಬರೂ ಸೇರಿ ಆರನೆಯ ತರಗತಿಯ ಅನುಪಾತದಿಂದ ಸುರು ಮಾಡಿದೆವು. ಆ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ಹತ್ತನೆಯವರು ಕಾಗದದ ಮೇಲೆ ಮಾಡಿ ನೋಡಬಹುದು.

ಇಂಜಿನಿನ ಗಾತ್ರ 796 ಸಿ.ಸಿ. ಅದು ಎರಡು ಸುತ್ತು ತಿರುಗಿದಾಗ ಒಮ್ಮೆ ಅಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಾಗಾದರೆ ಒಂದು ಸುತ್ತಿಗೆ 398 ಸಿ.ಸಿ. ಅವನು ತಂದ ತಿದಿ ತನ್ನ ಒಂದು ಸುತ್ತಿಗೆ 300 ಸಿ.ಸಿ. ಗಾಳಿಯನ್ನು ತಳ್ಳುತ್ತದೆ. ನಮಗೆ ಬೇಕಾದದ್ದು ಮೊದಲಿಗಿಂತ ಕಾಲು ಭಾಗ ಹೆಚ್ಚು ಗಾಳಿ, ಎಂದರೆ ಒಂದು ಸುತ್ತಿಗೆ ಸುಮಾರು 498 ಸಿ.ಸಿ. ಅದನ್ನು 300ರಿಂದ ಭಾಗಿಸಿದರೆ 1.66. ಎಂದರೆ ಇಂಜಿನು ಒಂದು ಸುತ್ತು ತಿರುಗುವಾಗ ತಿದಿ 1.66 ಸುತ್ತು ತಿರುಗಬೇಕು. ಇಂಜಿನಿನ ಬದಿಗೆ 12 ಸೆಂಟಿಮೀಟರಿನ ಪುಲ್ಲಿ ಇದ್ದರೆ ತಿದಿಯ ಬದಿಗೆ ಎಷ್ಟು? 12ನ್ನು 1.66ರಿಂದ ಭಾಗಿಸಿ: ಸುಮಾರು 7.2 ಸೆಂಟಿಮೀಟರು.

ಉತ್ತರ ಬಂದಾಗ ಹುಡುಗ ಎರಡು ಸಲ ಮಾಡಿ ನೋಡಿದ, ಮೂರನೆಯ ಸಲವೂ ಮಾಡಿದ. ಆಮೇಲೆ ಮೆಲ್ಲಗೆ, "ಶಾಲೆಯಲ್ಲಿ ಮಾಡಿದ್ದು ಇದೇ ಲೆಕ್ಕವಾ?" ಎಂದು ಕೇಳಿದ. ಹೌದೆಂದೆ. "ಆಗ ಪುಲ್ಲಿ ಇರ್ಲಿಲ್ಲ ಅಲ್ವಾ ಟೀಚರೇ" ಎಂದ. ಆ ಮಾತನ್ನು ನಾನು ಮರುದಿನವೇ ನಮ್ಮ ಗಣಿತದ ಮೇಷ್ಟ್ರಿಗೆ ತಲುಪಿಸಿದೆ. ಅವರು, ಎರಡನೆಯ ಮಹಾಯುದ್ಧದ ವಿಮಾನಗಳ ಮರ್ಲಿನ್ ಇಂಜಿನಿನ ಸೂಪರ್‌ಚಾರ್ಜರನ್ನು ಉತ್ತಮಪಡಿಸಿದ ಸ್ಟ್ಯಾನ್ಲಿ ಹೂಕರ್ ಮೂಲತಃ ಗಣಿತಜ್ಞರೇ ಎಂಬ ಸಂಗತಿಯನ್ನು ಹೇಳಿದರು. ಸುಮಾರು ಐದೂವರೆ ಸಾವಿರ ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ನೆಲದಲ್ಲಿರುವುದರ ಅರ್ಧಕ್ಕಿಳಿಯುತ್ತದೆ. ಅಲ್ಲಿ ತಿದಿಯಿಲ್ಲದ ಇಂಜಿನು ಉಸಿರುಗಟ್ಟುತ್ತದೆ. 1938ರಲ್ಲಿ ಹೂಕರ್ ರೋಲ್ಸ್ ರಾಯ್ಸ್ ಸಂಸ್ಥೆಗೆ ಸೇರಿ ಕಾಗದ ಪೆನ್ಸಿಲಿನಿಂದಲೇ ಅದರ ಕೊರತೆಯನ್ನು ಕಂಡುಹಿಡಿದರು. ಮುಂದೆ ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರಿನ ತಾತ್ಪರ್ಯ 'ಅಂಥ ದೊಡ್ಡ ಇಂಜಿನಿಯರನೇನಲ್ಲ' ಎಂದು!

ಇಷ್ಟಾದ ಮೇಲೆ ಕಾನೂನಿನ ಪ್ರಶ್ನೆ ಬಂತು. ಇದನ್ನು ನಮ್ಮ ಮಕ್ಕಳು ಗಮನವಿಟ್ಟು ಓದಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಯಜಮಾನ ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡ ಮಾತು ಇನ್ನೊಂದುಂಟು. ಬ್ರೇಕು, ಟಯರು, ಚಕ್ರದ ಬೇರಿಂಗು ಎಲ್ಲವನ್ನೂ ಮೂಲದ ಬಲಕ್ಕೆ ತಕ್ಕಂತೆ ಮಾಡಿರುತ್ತಾರೆ. ಇಂಜಿನಿನ ಬಲವನ್ನು ಮಾತ್ರ ಹೆಚ್ಚಿಸಿ ರಸ್ತೆಗಿಳಿದರೆ ಎದುರು ಬರುವವನ ಪ್ರಾಣವನ್ನೂ ಪಣಕ್ಕಿಟ್ಟಂತೆ.

ಇದನ್ನು ಓದಿ ಹೇಳಿದಾಗ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಎರಡು ವರ್ಷದ ಉಳಿತಾಯ ಮೇಜಿನ ಮೇಲೆ ಕಬ್ಬಿಣವಾಗಿ ಕುಳಿತಿತ್ತು. "ಅಪ್ಪನ ಕಾರಿಗೆ ಹಾಕುದಿಲ್ಲ ಟೀಚರೇ" ಎಂದ ಕೊನೆಗೆ. "ಆದ್ರೆ ಹಾಕಿ ನೋಡದೆ ಬಿಡುದೂ ಇಲ್ಲ." ಅವನ ಸೋದರಮಾವನ ತೋಟದಲ್ಲಿ ನೋಂದಣಿ ರದ್ದಾದ ಇನ್ನೊಂದು ಹಳೆಯ 800 ಇತ್ತು. ಅಡಿಕೆಗೊನೆ, ಸೊಪ್ಪು ಸಾಗಿಸಲು ತೋಟದೊಳಗೇ ಓಡಾಡುತ್ತಿದ್ದ ಗಾಡಿ. ಮಾವ, "ಹೇಗೂ ಗುಜರಿಗೆ ಹೋಗುವಂಥದ್ದು, ನೀನೇ ಹಾಳು ಮಾಡು" ಎಂದು ಕೊಟ್ಟುಬಿಟ್ಟರು. ಬೇಲಿಯ ಹೊರಗೆ ತರಬಾರದೆಂಬುದು ನನ್ನ ಷರತ್ತು, ಅವನ ತಾಯಿಯ ಷರತ್ತೂ ಅದೇ.

ಜೋಡಿಸುವ ಕೆಲಸಕ್ಕೆ ಸುಮಾರು ನಾಲ್ಕು ತಿಂಗಳ ಆದಿತ್ಯವಾರಗಳು ಹಿಡಿದವು. ದಪ್ಪ ಉಕ್ಕಿನ ತಗಡನ್ನು ಕತ್ತರಿಸಿ ತಿದಿಯನ್ನು ಇಂಜಿನಿನ ಪಕ್ಕದಲ್ಲಿ ಹಿಡಿದುಕೊಳ್ಳುವ ಬ್ರಾಕೆಟ್ ಮಾಡಿದ. ಮೊದಲು ರಟ್ಟಿನಲ್ಲಿ ಕತ್ತರಿಸಿ ಅಳತೆ ನೋಡಿಕೊಂಡು ಆಮೇಲೆ ಉಕ್ಕಿಗೆ ಕೈ ಹಾಕಿದ. ಎರಡು ಪುಲ್ಲಿಗಳು ಒಂದೇ ಗೆರೆಯಲ್ಲಿರಬೇಕು. ಕೂದಲೆಳೆ ಆಚೀಚೆಯಾದರೂ ಬೆಲ್ಟು ಹಾರುತ್ತದೆ. ಅದಕ್ಕೆ ದಾರ ಎಳೆದು ನೋಡಿದ. ಸಣ್ಣ ಪುಲ್ಲಿಯನ್ನು ಲೇತಿನಲ್ಲಿ ಕಡೆಸಿದ್ದು ಮಾತ್ರ ಪೇಟೆಯಲ್ಲಿ.

ಆ ಗಾಡಿ ಕಾರ್ಬುರೇಟರಿನದು. ಗಾಳಿಯನ್ನು ಕಾರ್ಬುರೇಟರಿನೊಳಕ್ಕೆ ಊದುವುದು ಒಂದು ಕ್ರಮ. ಕಾರ್ಬುರೇಟರಿನ ಮೂಲಕ ಎಳೆದುಕೊಳ್ಳುವುದು ಇನ್ನೊಂದು ಕ್ರಮ. ಎರಡನೆಯದು ಸುಲಭ, ಪೆಟ್ರೋಲು ಆವಿಯಾಗುವಾಗ ಗಾಳಿಯನ್ನು ಸ್ವಲ್ಪ ತಂಪುಗೊಳಿಸುವ ಲಾಭವೂ ಉಂಟು. ಆದರೆ ಆಗ ತಿದಿಯಿಂದ ಇಂಜಿನಿನವರೆಗಿನ ಕೊಳವೆಯ ತುಂಬ ಉರಿಯುವ ಆವಿಯೇ ಇರುತ್ತದೆ. ಉರಿ ಹಿಂದಕ್ಕೆ ಹೊಡೆದರೆ ಕೊಳವೆ ಒಡೆದೀತು. ಅದಕ್ಕಾಗಿ ಒತ್ತಡ ಹೆಚ್ಚಿದಾಗ ತಾನೇ ತೆರೆದುಕೊಳ್ಳುವ ಸ್ಪ್ರಿಂಗಿನ ವಾಲ್ವನ್ನು ಇಡಬೇಕೆಂದು ಹಾಳೆಗಳಲ್ಲಿತ್ತು. ಅದಕ್ಕೊಂದು ಹೋಲಿಕೆ ಬೇಕೆಂದಾಗ "ಕುಕ್ಕರಿನದ್ದು ಇಲ್ವಾ, ಹಾಗೆ" ಎಂದವರು ಅವನ ತಾಯಿ. ಇದಲ್ಲದೆ ಕಾರ್ಬುರೇಟರಿನ ಜೆಟ್ಟನ್ನು ಸ್ವಲ್ಪ ದೊಡ್ಡದು ಮಾಡಿದ. ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಕಿಡಿ ಹಾರುವ ಹೊತ್ತನ್ನು ತುಸು ಹಿಂದೆ ಸರಿಸಿದ. ಎರಡೂ ನಾಕಿಂಗನ್ನು ದೂರವಿಡುವ ಉಪಾಯಗಳು.

ಮೊದಲ ಪರೀಕ್ಷೆಯ ದಿನ ಮರಳಿನ ಬಕೆಟು, ಬೆಂಕಿ ನಂದಿಸುವ ಸಿಲಿಂಡರು ಸಿದ್ಧವಾಗಿದ್ದವು. ತಿರುಗುವ ಬೆಲ್ಟಿನ ಹತ್ತಿರ ಸೆರಗು, ಲುಂಗಿ ಸುಳಿಯಬಾರದೆಂದು ಹುಡುಗ ಎಲ್ಲರನ್ನೂ ಜಗಲಿಗೆ ಹತ್ತಿಸಿದ. ಚಾಲೂ ಮಾಡಿದೊಡನೆ ಢಂ ಎಂದಿತು. ಅವನ ತಾಯಿ ನನ್ನ ಕೈಯನ್ನು ಹಿಡಿದುಕೊಂಡರು. ಕುಕ್ಕರಿನ ವಾಲ್ವು ತನ್ನ ಕರ್ತವ್ಯ ಮಾಡಿತ್ತು, ಕೊಳವೆ ಉಳಿದಿತ್ತು. ಹುಡುಗ ಇಂಜಿನು ಆರಿಸಿ, ನೋಟುಪುಸ್ತಕ ತೆಗೆದು, ನಾವು ಬರೆದ ಪುಟವನ್ನು ಬೆರಳಿಟ್ಟು ಓದಿ, ಕಿಡಿಯ ಹೊತ್ತನ್ನು ಮತ್ತೆ ಹೊಂದಿಸಿದ. ಅವನು ಓದುವುದನ್ನು ನೋಡುತ್ತಿದ್ದಾಗ ನನಗಾದ ಸಂತೋಷ ಯಾವ ಪರೀಕ್ಷಾ ಫಲಿತಾಂಶದಿಂದಲೂ ಆದದ್ದಿಲ್ಲ.

ಮೂರನೆಯ ಆದಿತ್ಯವಾರ ಇಂಜಿನು ಸರಾಗವಾಗಿ ತಿರುಗಿತು. ಒತ್ತಡದ ಗೇಜು 0.2 ಬಾರ್ ತೋರಿಸಿತು. ನಾಲ್ಕು ಮೂಟೆ ಮರಳು ಹೇರಿಕೊಂಡು ತೋಟದ ಏರಿನಲ್ಲಿ, ಮೊದಲು ಒಂದನೆಯ ಗೇರಿನಲ್ಲಿ ಏದುತ್ತಾ ಹತ್ತುತ್ತಿದ್ದ ಗಾಡಿ ಎರಡನೆಯ ಗೇರಿನಲ್ಲೇ ಮೇಲೆ ಬಂತು. ಮಾವ ಮಾತಾಡಲಿಲ್ಲ, ಬಾಯಲ್ಲಿದ್ದ ವೀಳ್ಯವನ್ನು ಉಗಿದು ಬಂದು ಒಮ್ಮೆ ಬಾನೆಟ್ಟಿನೊಳಗೆ ಇಣುಕಿದರು. ಪೆಟ್ರೋಲು ಹೆಚ್ಚು ಕುಡಿಯಿತೆಂಬುದನ್ನೂ ಹೇಳಬೇಕು. ತಿದಿಯನ್ನು ತಿರುಗಿಸಲು ಇಂಜಿನು ತನ್ನ ಬಲದಲ್ಲೇ ಒಂದಂಶ ಕೊಡಬೇಕು. ಪುಕ್ಕಟೆಯಾಗಿ ಏನೂ ಬರುವುದಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ತಿದಿ ಜೋಡಿಸುವ ಮೊದಲು ಇಂಜಿನು ಅದನ್ನು ತಾಳುವುದೇ ಎಂದು ತಿಳಿಯಲು ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆಯಬೇಕೆಂದು ಹಾಳೆಗಳಲ್ಲಿತ್ತು. ಸೋರುವ ಇಂಜಿನಿಗೆ ಎಷ್ಟು ಗಾಳಿ ತುಂಬಿದರೂ ವ್ಯರ್ಥ. ಮಾವನ ಗಾಡಿಯಲ್ಲಿ ಮೂರೂ ಸಿಲಿಂಡರುಗಳು ಸರಿಯಿದ್ದವು. ಅಂದು ಸಂಜೆ ಹುಡುಗ ಅದೇ ಗೇಜನ್ನು ಕೊಂಡುಹೋಗಿ ತಂದೆಯ ಕಾರನ್ನು ಅಳೆದು ನೋಡಿದ್ದಾನೆ. ಎರಡು ಸಿಲಿಂಡರುಗಳು ಸರಿಯಾಗಿದ್ದವು. ಮೂರನೆಯದರಲ್ಲಿ ಒತ್ತಡ ಅರ್ಧಕ್ಕರ್ಧ. ಒಂದು ವಾಲ್ವು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅದುಮಿದ ಗಾಳಿಯೆಲ್ಲ ಆ ಸಂದಿಯಿಂದ ಹೊರಟುಹೋಗುತ್ತಿತ್ತು.

ಎಂದರೆ ತಂದೆಯ ಕಾರಿಗೆ ಹೊರಗಿನ ಬಲ ಬೇಕಾಗಿರಲೇ ಇಲ್ಲ. ಅದರ ಬಲವೇ ಸೋರಿಹೋಗುತ್ತಿತ್ತು. ವರ್ಕ್‌ಶಾಪಿನ ಮೇಸ್ತ್ರಿಯ ಅನುಮತಿ ಪಡೆದು ಅವನೇ ಇಂಜಿನಿನ ತಲೆ ಬಿಚ್ಚಿ, ವಾಲ್ವನ್ನು ಉಜ್ಜಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಕಾರ್ಬುರೇಟರನ್ನು ತೊಳೆದು ಮತ್ತೆ ಜೋಡಿಸಿದ. 2022ರ ವಿಷುವಿನ ದಿನ ತಾಯಿ, ಅಕ್ಕ, ಇಬ್ಬರು ಮಕ್ಕಳನ್ನು ಕುಳ್ಳಿರಿಸಿಕೊಂಡು ದೇವಸ್ಥಾನಕ್ಕೆ ಹೋಗಿ ಬಂದು ಆ ಏರಿನಲ್ಲಿ ಯಾರನ್ನೂ ಇಳಿಸದೆ ಮನೆಗೆ ಮುಟ್ಟಿದ. ಅಂದು ರಾತ್ರಿ ಫೋನಿನಲ್ಲಿ ಅವನ ತಾಯಿ ಹೇಳಿದ ಮಾತು ಇಷ್ಟೇ: "ಟೀಚರ್, ಇವತ್ತು ಇವನ ಅಪ್ಪ ಇದ್ದ ಹಾಗೇ ಆಯ್ತು."

ಹೆತ್ತವರಲ್ಲಿ ಒಂದು ಮಾತು. ಮಗುವಿಗೆ ಅಂಕ ಕಡಿಮೆಯಾದೊಡನೆ ನಾವು ಯೋಚಿಸುವುದು ಟ್ಯೂಷನ್, ಗೈಡು, ಇನ್ನೊಂದು ಟ್ಯೂಷನ್. ಹೊರಗಿನಿಂದ ಒತ್ತಿ ತುಂಬುವ ಕೆಲಸ. ಕೆಲವು ಮಕ್ಕಳಿಗೆ ಅದು ಬೇಕಾದೀತು. ಆದರೆ ಅದಕ್ಕೆ ಮೊದಲು ಎಲ್ಲಿ ಸೋರುತ್ತಿದೆ ಎಂದು ಅಳೆದು ನೋಡಿದ್ದೇವೆಯೇ? ಕಣ್ಣು ಕಾಣಿಸದೆ ಹಲಗೆಯ ಮೇಲಿನದು ಓದಲಾಗದ ಮಗು ಇರಬಹುದು. ಆರನೆಯ ತರಗತಿಯ ಅನುಪಾತವೇ ಅರ್ಥವಾಗದೆ ಹತ್ತಕ್ಕೆ ಬಂದವನಿರಬಹುದು. ಮನೆಯ ಚಿಂತೆಯನ್ನು ಚೀಲದಲ್ಲಿ ಹೊತ್ತು ಬರುವವಳಿರಬಹುದು. ಒಂದು ವಾಲ್ವು ಸರಿಯಾಗಿ ಕೂತರೆ ಏರು ಹತ್ತುವ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ದಡ್ಡನೆಂದು ಕರೆಯುವ ಮೊದಲು ಒಮ್ಮೆ ಗೇಜಿಟ್ಟು ನೋಡೋಣ.

ಇನ್ನು ಭಾಷೆಯ ವಿಚಾರ. ನಾನು ಪ್ರಾಥಮಿಕ ಶಾಲೆಯನ್ನು ಕನ್ನಡದಲ್ಲೂ ಮುಂದಿನದನ್ನು ಮಲಯಾಳ ಮತ್ತು ಇಂಗ್ಲಿಷಿನಲ್ಲೂ ಕಲಿತವಳು. ಕನ್ನಡ ಮಾಧ್ಯಮದಲ್ಲಿ ಓದಿದರೆ ಮಕ್ಕಳು ಹಿಂದುಳಿಯುತ್ತಾರೆಂಬ ಮಾತು ನಮ್ಮ ಗಡಿನಾಡಿನಲ್ಲಿ ದಿನನಿತ್ಯ ಕೇಳುವಂಥದ್ದು. ಈ ಹುಡುಗ ಮನೆಯಲ್ಲಿ ತುಳುವಿನಲ್ಲಿ ಯೋಚಿಸುತ್ತಾನೆ. ವರ್ಕ್‌ಶಾಪಿನಲ್ಲಿ ಮೇಸ್ತ್ರಿಯಿಂದ ಮಲಯಾಳದಲ್ಲಿ ಕೈಗುಟ್ಟು ಕಲಿಯುತ್ತಾನೆ. ಹಾಳೆಗಳಲ್ಲಿದ್ದದ್ದು ಇಂಗ್ಲಿಷು. ಇವೆಲ್ಲ ಬಂದು ಸೇರಿ ತಿಳಿವಳಿಕೆಯಾದದ್ದು ಅವನು ಅಕ್ಷರ ಕಲಿತ ಕನ್ನಡದಲ್ಲಿ. ಪುಲ್ಲಿ, ಗ್ಯಾಸ್ಕೆಟ್, ಜೆಟ್ಟು ಎಂಬ ಮಾತುಗಳನ್ನು ಹಾಗೆಯೇ ಇಟ್ಟುಕೊಂಡೆವು. ಅವು ವರ್ಕ್‌ಶಾಪಿನ ಕನ್ನಡವೇ. ಆದರೆ ಯಾಕೆ, ಹೇಗೆ, ಎಷ್ಟು, ಹಾಗಾದರೆ ಎಂಬ ಮಾತುಗಳು ನಮ್ಮವೇ ಆಗಿದ್ದವು. ಯೋಚನೆ ನಡೆಯುವುದು ಆ ಮಾತುಗಳಲ್ಲಿ. ಈಗ ಅವನು ಅದೇ ಮೂವತ್ತು ಹಾಳೆಗಳನ್ನು ಇಂಗ್ಲಿಷಿನಲ್ಲೂ ಓದಿ ಅರ್ಥ ಹೇಳಬಲ್ಲ. ಕನ್ನಡ ಅವನಿಗೆ ಅಡ್ಡಗೋಡೆಯಾಗಲಿಲ್ಲ, ಮೆಟ್ಟಿಲಾಯಿತು.

ಹುಡುಗ ಇಂದು ಅದೇ ವರ್ಕ್‌ಶಾಪಿನಲ್ಲಿ ಇಂಜಿನು ಕೆಲಸಕ್ಕೆ ನಿಂತಿದ್ದಾನೆ. ತಿದಿಯನ್ನು ಮಾವನ ಗಾಡಿಯಿಂದ ಬಿಚ್ಚಿ, ಒಳಗಿನ ಉರುಳೆಗಳು ಕಾಣುವಂತೆ ಒಂದು ಬದಿಯ ಮುಚ್ಚಳ ತೆಗೆದು, ಹಲಗೆಯ ಮೇಲೆ ಕೂರಿಸಿ ನಮ್ಮ ಶಾಲೆಗೆ ಕೊಟ್ಟಿದ್ದಾನೆ. ಅದು ಪ್ರಯೋಗಾಲಯದ ಕಿಟಕಿಯ ಬಳಿ ಇದೆ. ಕೈಯಿಂದ ಪುಲ್ಲಿಯನ್ನು ತಿರುಗಿಸಿದರೆ ಎರಡು ಉರುಳೆಗಳೂ ಒಂದನ್ನೊಂದು ಮುಟ್ಟದೆ ತಿರುಗುವುದನ್ನು ನೋಡಬಹುದು; ಬಾಯಿಗೆ ಕೈ ಹಿಡಿದರೆ ಗಾಳಿ ತಾಗುತ್ತದೆ. ಬೆರಳನ್ನು ಮಾತ್ರ ಒಳಗೆ ಹಾಕಬಾರದು. 'ಇಂಜಿನಿನ ತಿದಿ' ಎಂಬ ಆ ನೋಟುಪುಸ್ತಕ ಗ್ರಂಥಾಲಯದ ವಿಜ್ಞಾನದ ಕಪಾಟಿನಲ್ಲಿದೆ. ಅಕ್ಷರ ಅಷ್ಟೇನೂ ದುಂಡಗಿಲ್ಲ, ಕಾಗುಣಿತದ ತಪ್ಪುಗಳೂ ಇವೆ. ನಾನು ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ. ಓದಬೇಕೆನ್ನುವ ವಿದ್ಯಾರ್ಥಿಗಳು ಕೇಳಿ ಪಡೆಯಬಹುದು. ಕೊನೆಯ ಕೆಲವು ಪುಟಗಳು ಖಾಲಿಯಿವೆ. ಯಾರಾದರೂ ಅವನ್ನು ತುಂಬಿಸಿದರೆ ನಮಗಿಬ್ಬರಿಗೂ ಸಂತೋಷ.